ಬೀರವ್ವನ ಉಡಿಯೊಳಗಿನ ಜೇಕು

ಬೀರವ್ವನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಬಸ್ಸು ತಡವಾದರೆ ಬಸ್ಸಿನ ಮೇಲೆ ಸಿಟ್ಟು, ಚಹಾ ಆರಿದರೆ ಚಹಾದ ಮೇಲೆ ಸಿಟ್ಟು. ಆದರೆ ಅವಳು ಹಗೆ ಸಾಧಿಸಿದ್ದು ಒಂದರ ಮೇಲೆ ಮಾತ್ರ, ಅದು ಜೇಕು. ಹೊಲವೆನ್ನದೆ ಹಿತ್ತಿಲೆನ್ನದೆ ಮಿರಮಿರ ಮಿಂಚುತ್ತ ಏಳುವ, ಹಿಡಿದು ಎಳೆದರೆ ಎಲೆಯಷ್ಟೇ ಕೈಗೆ ಕೊಟ್ಟು ಗಡ್ಡೆಯನ್ನು ಮಣ್ಣೊಳಗೆ ಬಚ್ಚಿಟ್ಟುಕೊಳ್ಳುವ ಆ ಕಳೆಯನ್ನು ಅವಳು ಎದುರಿಗಿದ್ದ ಮನುಷ್ಯರನ್ನು ಬೈದಂತೆಯೇ ಬೈಯುತ್ತಿದ್ದಳು. "ನಿನ್ನ ಹೆಣಾ ಎತ್ಲಿ, ಮತ್ತ ಬಂದ್ಯಾ? ನಿನ್ನೆರ ಕಿತ್ತೇನಿ, ಇವತ್ತ ಹಲ್ಲ ಕಿಸ್ಕೊಂಡ ನಿಂತೀಯಲ್ಲ!" ಹಾದಿಯಲ್ಲಿ ಹೋಗುವವರು ಯಾರಿಗೋ ಜಗಳ ಹತ್ತಿದೆ ಎಂದು ನಿಂತು ನೋಡುತ್ತಿದ್ದರು.

ಉಣಕಲ್ಲಿನ ಹಳೇ ಊರಲ್ಲಿ ಅವಳ ಮನೆ. ಗಂಡ ಫಕೀರೇಶ ಕಟ್ಟಿಗೆ ಅಡ್ಡೆಯಲ್ಲಿ ಕೆಲಸಕ್ಕಿದ್ದ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಬೀರವ್ವನೇ ಆಡುತ್ತಿದ್ದಳು. ಎಂಟನೇ ವಯಸ್ಸಿಗೆ ಅವ್ವನ ಹಿಂದೆ ಹೊಲದ ಕಸ, ಅಂದರೆ ಕಳೆ, ತೆಗೆಯಲು ಹೋದವಳು ಕುರ್ಪಿ ಕೆಳಗಿಡಲೇ ಇಲ್ಲ. ಊರ ಮಗ್ಗುಲಿನ ಶೇಂಗಾ ಹೊಲಗಳೆಲ್ಲ ಬಡಾವಣೆಯಾಗಿ, ಸಾಲು ಸಾಲು ಮನೆ ಎದ್ದಾಗ ಅವಳು ಅದೇ ನೆಲದಲ್ಲಿ ಕೈತೋಟಗಳ ಕಸ ಕೀಳತೊಡಗಿದಳು. ಒಂದೇ ಬೀದಿಯಲ್ಲಿ ಐದು ಮನೆ. ಬೀರವ್ವ ತೆಗೆದ ಮೇಲೆ ಇನ್ನೊಬ್ಬರು ಹೋಗಿ ನೋಡಬೇಕಾಗಿಲ್ಲ ಎಂಬ ಹೆಸರು ಅವಳಿಗಿತ್ತು. ಆ ಹೆಸರೇ ಅವಳ ಆಸ್ತಿ, ಬೇರೆ ಏನೂ ಇರಲಿಲ್ಲ.

ಐದರಲ್ಲಿ ದೊಡ್ಡ ಮನೆ ಕುಮಾರಸ್ವಾಮಿಯದು. ಅರಳೆ ವ್ಯಾಪಾರ ಮಾಡಿ ಕೈತುಂಬ ಗಳಿಸಿ, ೧೯೯೮ರಲ್ಲಿ ಮನೆ ಕಟ್ಟಿಸಿ, ಮುಂದೆ ಮೂವತ್ತಡಿ ಜಾಗ ಬಿಟ್ಟಿದ್ದ. ಅಲ್ಲಿ ಲಾನ್ ಆಗಬೇಕು, ಸಂಜೆ ಬೆತ್ತದ ಕುರ್ಚಿ ಹಾಕಿಕೊಂಡು ಕೂಡ್ರಬೇಕು, ಹೋಗಿಬರುವವರು ನೋಡಬೇಕು. ಇಷ್ಟೇ ಅವನ ಆಸೆ. ಮೆಕ್ಸಿಕನ್ ಹುಲ್ಲು ಎಂಬ ಹೆಸರಿನ ಸಣ್ಣ ಎಳೆಯ ಹುಲ್ಲನ್ನು ಧಾರವಾಡದ ನರ್ಸರಿಯಿಂದ ತರಿಸಿದ. ಮನೆ ಕಟ್ಟಿದ ಜಾಗದಲ್ಲಿ ಬರೀ ಗರಸು, ಕಲ್ಲುಚೂರು ತುಂಬಿತ್ತು. ಮಣ್ಣು ಬೇಕಲ್ಲ? ನರ್ಸರಿಯವರು ಸೋಸಿದ ಕೆಂಪು ಮಣ್ಣು ಕೊಡುತ್ತೇವೆ ಎಂದರು. ಇವನು ಒಪ್ಪಲಿಲ್ಲ. ಹುಟ್ಟೂರು ಗರಗದಲ್ಲಿ ಅಪ್ಪನ ಕಾಲದ ಎರೆ ಹೊಲವಿರುವಾಗ ಕಂಡವರ ಮಣ್ಣೇಕೆ? ಮೂರು ಟ್ರೇಲರ್ ತುಂಬಿಸಿದ. ಒಂದನ್ನು ಹಾದಿಯಲ್ಲೇ ಧಾರವಾಡದಲ್ಲಿ, ಮಗಳು ಸೌಂದರ್ಯಾಳ ಗಂಡನ ಮನೆಯ ಹೂದೋಟಕ್ಕೆಂದು ಇಳಿಸಿದರು. ತವರಿನ ಮಣ್ಣು ಎಂದು ಮಗಳಿಗೂ ಹಿಗ್ಗು. ಉಳಿದೆರಡು ಇಲ್ಲಿಗೆ ಬಂದವು.

ಮಣ್ಣು ಹರಡಲು ಬಂದ ಬೀರವ್ವ ಮೊದಲ ಬುಟ್ಟಿಯಲ್ಲೇ ಹೆಂಟೆಯೊಂದನ್ನು ಒಡೆದಳು. ಒಳಗೆ ಕರಿಯ ತೊಗಟೆಯ, ಶೇಂಗಾ ಕಾಳಿನಷ್ಟು ಗಾತ್ರದ ಎರಡು ಗಡ್ಡೆ.

"ಸಾವ್ಕಾರ್ರ, ಈ ಮಣ್ಣ ಬ್ಯಾಡ್ರಿ. ಜೇಕ ಐತಿ ಇದರಾಗ. ನೋಡ್ರಿ ಇಲ್ಲೆ."

"ನಮ್ಮಪ್ಪನ ಹೊಲದ ಮಣ್ಣದು," ಎಂದ ಕುಮಾರಸ್ವಾಮಿ, ಅವಳ ಅಂಗೈಯತ್ತ ನೋಡದೆ. "ನನಗ ಮಣ್ಣಿನ ಪಾಠ ಹೇಳಬ್ಯಾಡ. ಹಳ್ಳ್ಯಾಗ ಹುಟ್ಟಿದಾಂವ ನಾನೂ."

ಬೀರವ್ವ ಆ ಎರಡು ಗಡ್ಡೆಯನ್ನು ಉಡಿಗೆ ಹಾಕಿಕೊಂಡು ಮಣ್ಣು ಹರಡಿದಳು.

ಒಂದು ಮಳೆಗಾಲ ಹುಲ್ಲು ಚೆನ್ನಾಗಿಯೇ ಬಂತು. ಎರಡನೆಯದಕ್ಕೆ ಅದರ ತಲೆಯ ಮೇಲೆ ಜೇಕು ಎದ್ದಿತು. ವಾರಕ್ಕೆರಡು ದಿನ ಬಂದು ಕೀಳು ಎಂದು ಕುಮಾರಸ್ವಾಮಿ ಅವಳಿಗೆ ಹೇಳಿದ. ಜೇಕಿನ ಗುಟ್ಟು ಅವಳಿಗೆ ಗೊತ್ತಿತ್ತು. ಒಂದು ಗಡ್ಡೆಯಿಂದ ದಾರದಂಥ ಬೇರು ಹೊರಟು ಇನ್ನೊಂದು ಗಡ್ಡೆ, ಅದರಿಂದ ಮತ್ತೊಂದು. ಮೇಲಿನದನ್ನು ಕಿತ್ತರೆ ಕೆಳಗಿನದು ಎದ್ದು ಬರುತ್ತದೆ.

"ಏಪ್ರಿಲದಾಗ ಒಂದ ಮೊಳಾ ಅಗದು ಮಣ್ಣ ತಿರಿವಿ ಹಾಕೂಣ್ರಿ. ಎರಡ ತಿಂಗಳ ಬಿಸಲಿಗೆ ಬಿದ್ರ ಗಡ್ಡಿ ಒಣಗಿ ಸಾಯ್ತಾವ. ಆಮ್ಯಾಲ ಹೊಸಾ ಹುಲ್ಲ ಹಚ್ಚೂಣು."

"ಎರಡ ತಿಂಗಳ ಮನಿ ಮುಂದ ತಗ್ಗ ತೋಡ್ಕೊಂಡ ಕುಂದರ್ಲೇನು? ನೀ ಕೀಳಾಕ ಬಂದೀದಿ, ಕೀಳು."

ಕಿತ್ತಳು. ಹುಲ್ಲಿಗೆ ನೋವಾಗದಂತೆ ಕುರ್ಪಿಯ ಮೂತಿಯನ್ನಷ್ಟೇ ಇಳಿಸಿ, ಸಿಕ್ಕಷ್ಟು ಗಡ್ಡೆ ಎತ್ತಿ ಉಡಿಗೆ ಹಾಕಿಕೊಳ್ಳುತ್ತಿದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚೀಲ ಮಾಡಿಕೊಳ್ಳುವ ಈ ಉಡಿ ಅವಳ ಅವ್ವ ಕಲಿಸಿದ ಪದ್ಧತಿ. ಬುಟ್ಟಿಯನ್ನು ಒಂದು ಕಡೆ ಇಟ್ಟರೆ ಎಸೆದ ಗಡ್ಡೆ ಅತ್ತಿತ್ತ ಉರುಳಿ ಮತ್ತೆ ಮೊಳೆಯುತ್ತದೆ. ಉಡಿಯಾದರೆ ಮೈ ಹೋದಲ್ಲಿಗೆ ಬರುತ್ತದೆ, ಒಂದೂ ಕೆಳಗೆ ಬೀಳುವುದಿಲ್ಲ. ಮನೆಗೆ ಒಯ್ದು ನೀರೊಲೆಗೆ ಸುರಿದು, ಅವು ಚಟಚಟ ಸಿಡಿಯುವುದನ್ನು ಕೇಳಿದರೆ ಅವಳಿಗೆ ದಿನದ ದಣಿವು ಅರ್ಧ ಇಳಿಯುತ್ತಿತ್ತು.

ಎರಡು ವರ್ಷ ಹೀಗೇ ನಡೆಯಿತು. ಕುಮಾರಸ್ವಾಮಿಯ ತಾಳ್ಮೆ ತೆಳ್ಳಗಾಗುತ್ತ ಬಂತು. ಬಂದ ನೆಂಟರಲ್ಲೊಬ್ಬ "ಏನ್ರೀ, ದನಾ ಕಟ್ಟೀರೇನು?" ಎಂದು ನಕ್ಕಿದ್ದ. ಆ ನಗು ಅವನ ಎದೆಯಲ್ಲಿ ಕೂತುಬಿಟ್ಟಿತು. ಮಣ್ಣನ್ನು ಅನುಮಾನಿಸಿದರೆ ಅಪ್ಪನನ್ನು ಅನುಮಾನಿಸಿದಂತೆ, ತನ್ನನ್ನು ಅನುಮಾನಿಸುವ ಮಾತಂತೂ ಇಲ್ಲವೇ ಇಲ್ಲ. ಉಳಿದವಳು ಬೀರವ್ವ.

೨೦೦೧ರ ಶ್ರಾವಣದ ಒಂದು ಮುಂಜಾನೆ. ಎಂಟು ದಿನಕ್ಕೊಮ್ಮೆ ನಳಕ್ಕೆ ನೀರು ಬರುವ ಕಾಲ, ಅವತ್ತು ನೀರು ಬಂದಿತ್ತು. ಬೀದಿಯ ಹೆಂಗಸರೆಲ್ಲ ಪೈಪು, ಕೊಡ ಹಿಡಿದು ಗೇಟಿನ ಹೊರಗಿದ್ದರು. ಕುಮಾರಸ್ವಾಮಿ ಮಾಳಿಗೆಯ ಗಚ್ಚಿನ ಮೇಲೆ ಹಲ್ಲುಜ್ಜುತ್ತ ಕೆಳಗೆ ನೋಡಿದ. ಬೀರವ್ವ ಬೆನ್ನು ಮಾಡಿ ಬಗ್ಗಿದ್ದಳು. ಉಡಿ ಉಬ್ಬಿತ್ತು. ಕೈ ಉಡಿಗೆ ಹೋಗುತ್ತದೆ, ನೆಲಕ್ಕೆ ಬರುತ್ತದೆ, ಒಂದು ಹೆಜ್ಜೆ ಮುಂದೆ. ಮತ್ತೆ ಉಡಿ, ಮತ್ತೆ ನೆಲ. ಪೇಟೆಯಲ್ಲೇ ಹುಟ್ಟಿ ಬೆಳೆದವನಿಗಾಗಿದ್ದರೆ ಅದು ಏನೂ ಅನ್ನಿಸುತ್ತಿರಲಿಲ್ಲ. ಕುಮಾರಸ್ವಾಮಿ ಗರಗದ ಹೊಲದ ಬದುವಿನಲ್ಲಿ ಕೂತು ಬೆಳೆದವನು. ಕೂರಿಗೆಯ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ಕಾಳು ಬಿಡುತ್ತ ಹೋಗುವ ಹೆಂಗಸರನ್ನು ನೂರಾರು ಸಲ ನೋಡಿದ್ದ. ಅವನ ಕಣ್ಣಿಗೆ ಕಂಡದ್ದು ಬಿತ್ತನೆ.

ಬಾಯಿಯ ನೊರೆ ಒರೆಸಿಕೊಳ್ಳದೆ ಕೆಳಗಿಳಿದು ಬಂದ.

"ಏನ ಮಾಡಾಕತ್ತೀ?"

"ಜೇಕ ಕೀಳಾಕತ್ತೇನ್ರಿ."

"ಕೀಳಾಕತ್ತೀಯೋ ಬಿತ್ತಾಕತ್ತೀಯೋ? ಎದ್ದ ನಿಲ್ಲು. ಬಾ ಇಲ್ಲೆ ಗೇಟಿಗೆ. ಉಡಿ ಝಾಡಿಸು."

ಬೀರವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಉಡಿಯಿಂದ ಒಂದು ಗಡ್ಡೆ ತೆಗೆದು ತೋರಿಸಿದಳು. "ಕಿತ್ತ ಗಡ್ಡಿ ರೀ ಇವು. ಬೇರ ನೋಡ್ರಿ, ಹಸೀ ಅದಾವ."

"ಬೀಜಾ ಹಾಕೂ ಕೈ ನಾ ಸಣ್ಣಾಂವ ಇದ್ದಾಗಿಂದ ನೋಡೇನಿ. ಕಿತ್ತಿದ್ರ ಬುಟ್ಟ್ಯಾಗ ಹಾಕತಿದ್ದಿ. ಝಾಡಿಸಂದೆ!"

ಅವನ ದನಿಗೆ ಬೀದಿಯ ಪೈಪುಗಳೆಲ್ಲ ನಿಂತವು. ಮುತ್ತೈದೆಯ ಉಡಿ ಎಂದರೆ ತುಂಬಿಸುವುದು, ಬೀದಿಯಲ್ಲಿ ಬಿಚ್ಚಿ ಝಾಡಿಸುವುದಲ್ಲ. ಅದು ಅವನಿಗೂ ಗೊತ್ತಿತ್ತು. ಝಾಡಿಸದಿದ್ದರೆ ಕಳ್ಳಿ ಎಂದು ಒಪ್ಪಿಕೊಂಡಂತಾಗುತ್ತದೆ. ಬೀರವ್ವ ಸೆರಗು ಬಿಟ್ಟಳು. ಐವತ್ತು ಅರವತ್ತು ಗಡ್ಡೆ ಗೇಟಿನ ಕಲ್ಲಿನ ಮೇಲೆ ಉರುಳಿದವು.

"ನೋಡ್ರಿ ಎಲ್ಲಾರೂ!" ಎಂದು ಕುಮಾರಸ್ವಾಮಿ ಕೂಗಿದ. "ಎರಡ ವರ್ಷಾತು, ಕಸಾ ಖಾಲಿ ಆಗವಲ್ದು. ಹೆಂಗ ಆಗಬೇಕು? ಖಾಲಿ ಆದ್ರ ಈಕಿ ಕೂಲಿ ತಪ್ಪತೈತಿ!"

ಅವನ ಹೆಂಡತಿ ಚನ್ನಬಸವ್ವ ಬಾಗಿಲಲ್ಲೇ ನಿಂತಿದ್ದಳು. ಎದುರು ಮನೆಯ ಸುಮಲತಾ ಟೀಚರ್, ಬೀರವ್ವನ ಕೈಯಿಂದ ಐದು ವರ್ಷ ತೋಟ ಮಾಡಿಸಿಕೊಂಡಾಕೆ, ಕೊಡ ತುಂಬಿ ಹರಿಯುತ್ತಿದ್ದರೂ ನೋಡುತ್ತ ನಿಂತಳು. ಬೀರವ್ವ ಯಾರನ್ನೂ ಬೈಯಲಿಲ್ಲ. ಕೂತು ಅಷ್ಟೂ ಗಡ್ಡೆಯನ್ನು ಒಂದೊಂದಾಗಿ ಆರಿಸಿ ಮತ್ತೆ ಉಡಿಗೆ ಹಾಕಿಕೊಂಡು ಹೋದಳು. ಕಳೆಯನ್ನು ನೆಲದ ಮೇಲೆ ಬಿಟ್ಟು ಹೋಗುವುದು ಅವಳಿಂದ ಅಂಥ ಹೊತ್ತಿನಲ್ಲೂ ಆಗಲಿಲ್ಲ.

ಮರುದಿನ ಸುಮಲತಾ ಟೀಚರ್ "ಈ ವಾರ ಬ್ಯಾಡ ಬೀರವ್ವ" ಎಂದಳು. ಮುಂದಿನ ವಾರವೂ ಬೇಡವಾಯಿತು. ತಿಂಗಳೊಳಗೆ ಐದೂ ಮನೆ ಹೋದವು. ಉಣಕಲ್ಲಿನ ಬಾವಿಕಟ್ಟೆಯಲ್ಲೂ ಹೆಂಗಸರು ಅವಳನ್ನು ಕಂಡು ಮಾತು ಬದಲಿಸುತ್ತಿದ್ದರು. ಅವಳು ನಸುಕಿನ ಬಸ್ಸು ಹಿಡಿದು, ತನ್ನ ಹೆಸರು ಯಾರಿಗೂ ಗೊತ್ತಿಲ್ಲದ ಊರಿನ ಮೆಣಸಿನಕಾಯಿ ಹೊಲಗಳಿಗೆ ಹೋಗತೊಡಗಿದಳು. "ಹೋಗ್ಲಿ ಬಿಡು, ದೊಡ್ಡವರ ಮಾತು," ಎಂದ ಫಕೀರೇಶ ಒಂದು ದಿನ.

"ಏನ ಬಿಡೂದು? ನಾ ಬಿತ್ತಿದೆ ಅಂದಾನ! ಜೇಕ! ನಾನು!" ಎಂದು ಅವಳು ಅವನ ಮುಂದಿನ ಗಂಗಾಳವನ್ನೇ ಎತ್ತಿಕೊಂಡು ಹೋದಳು. ರೊಟ್ಟಿ ಇನ್ನೂ ಅರ್ಧ ಉಳಿದಿತ್ತು.

ಕುಮಾರಸ್ವಾಮಿ ಬೇರೆ ಆಳು ಇಟ್ಟ. ಅವನು ಎಲೆ ಕೆರೆದು ಹೋದ, ಜೇಕು ನಾಲ್ಕೇ ದಿನಕ್ಕೆ ಎದ್ದಿತು. ಆಮೇಲೆ ಅಂಗಡಿಯವನು ಕೊಟ್ಟ ಔಷಧ ಹೊಡೆಸಿದ. ಮೆಕ್ಸಿಕನ್ ಹುಲ್ಲು ಹಳದಿಯಾಗಿ ಸತ್ತಿತು. ಮುಂದಿನ ಮಳೆಗೆ ಬೋಳು ನೆಲದಲ್ಲಿ ಮೊದಲು ತಲೆ ಎತ್ತಿದ್ದು ಜೇಕೇ. ಬೀದಿಗೆಲ್ಲ ಅದು ಕಾಣುತ್ತಿತ್ತು. ಆದರೂ ಅವನು, ಆ ಹೆಂಗಸು ಬಿತ್ತಿದ್ದು ಇನ್ನೂ ಏಳುತ್ತಿದೆ ಎಂದೇ ಹೇಳಿಕೊಂಡು ತಿರುಗಿದ.

ಆಮೇಲೆ ಆದದ್ದನ್ನು ಬೀರವ್ವನಿಗೆ ಬಂದು ಹೇಳಿದವಳು ಚನ್ನಬಸವ್ವ. ಒಂದು ಸಂಜೆ ರಿಕ್ಷಾದಲ್ಲಿ ಉಣಕಲ್ಲಿಗೆ ಬಂದು, ಬೀರವ್ವನ ಕಟ್ಟೆಯ ಮೇಲೆ ಏನೂ ಹಾಸಿಕೊಳ್ಳದೆ ಕೂತಳು. ಪಂಚಮಿ ಹಬ್ಬಕ್ಕೆ ಮಗಳು ಸೌಂದರ್ಯಾ ತವರಿಗೆ ಬಂದಿದ್ದಳಂತೆ. ಉಂಡಿ ತಿನ್ನುತ್ತ ಅಂಗಳದಲ್ಲಿ ನಿಂತು ಜೇಕು ನೋಡಿದವಳೇ, "ಇದ ನಮ್ಮನ್ಯಾಗೂ ಎದ್ದೈತಿ, ಹೂವಿನ ಗಿಡಾ ಎಲ್ಲಾ ನುಂಗೈತಿ. ನಿಮ್ಮ ತವರಿನ ಮಣ್ಣು ಅಂತ ನಮ್ಮತ್ತಿ ದಿನಾ ಚುಚ್ಚತಾರ," ಎಂದು ಕಣ್ಣಲ್ಲಿ ನೀರು ತಂದುಕೊಂಡಳಂತೆ.

"ಸಾವ್ಕಾರ್ರು ಏನಂದ್ರು?" ಬೀರವ್ವ ಕೇಳಿದಳು.

"ಬೀರವ್ವ ಅಲ್ಲಿಗೂ ಬಂದಿದ್ದಳೇನು ಅಂತ ಕೇಳಿದ್ರು." ಚನ್ನಬಸವ್ವ ತಲೆ ತಗ್ಗಿಸಿದಳು. "ಧಾರವಾಡಕ್ಕ ಆಕಿ ಯಾಕ ಬರ್ತಾಳ ಅಂದ್ಲು ಮಗಳು. ಆಗ ನಾನೂ ಅಂದೆ. ಬೀದ್ಯಾಗ ಆಕಿ ಉಡಿ ಝಾಡಿಸಿದ್ರಲ್ಲಾ, ಇನ್ನ ಮಗಳ ಉಡೀನೂ ಝಾಡಸ್ರಿ ಅಂದೆ. ಅವತ್ತ ಸುಮ್ಮನ ನಿಂತಿದ್ದೆ, ನಂದೂ ತಪ್ಪೈತಿ. ಬಾರವ್ವಾ, ಮೊದಲಿನಂಗ ಬಾ. ನೀ ಹೇಳಿದಂಗ ಅಗಿಸ್ತಾರಂತ."

ಒಂದು ವರ್ಷದ ಸಿಟ್ಟು ಬೀರವ್ವನಿಗೆ ಒಮ್ಮೆಗೇ ಏರಿತು. ಒಳಗೊಳಗೆ ಸಮಾಧಾನವೂ ಆಯಿತು, ಅದನ್ನು ತೋರಿಸಲಿಲ್ಲ. "ಬರ್ತೇನ್ರಿ ಅವ್ವಾರ. ನೀರ ಬಂದ ದಿನ ಬರ್ತೇನಿ. ಅದ ಗೇಟಿನಾಗ ನಿಂತು, ಅವತ್ತ ಎಷ್ಟ ದನಿ ತೆಗದಿದ್ರೋ ಅಷ್ಟ ದನೀಲೆ, ಇದನ್ನೂ ಹೇಳ್ಲಿ ಅವರು. ಇಲ್ಲಂದ್ರ ಇಲ್ಲ."

ಎರಡು ಸಲ ನಳಕ್ಕೆ ನೀರು ಬಂದು ಹೋಯಿತು, ಕರೆ ಬರಲಿಲ್ಲ. ಗಂಡಸಿನ ಮಾನ ಗೇಟು ದಾಟಲು ಅಷ್ಟು ದಿನ ಹಿಡಿಯಿತು. ಮೂರನೆಯ ಸಲ ಚನ್ನಬಸವ್ವ ಹೇಳಿಕಳಿಸಿದಳು.

ಬೀರವ್ವ ಮಿಂದು, ಇದ್ದುದರಲ್ಲೇ ಒಳ್ಳೆಯ ಇಳಕಲ್ ಸೀರೆ ಉಟ್ಟು, ಸೊಂಟಕ್ಕೆ ಕುರ್ಪಿ ಸಿಕ್ಕಿಸಿಕೊಂಡು ಹೋಗಿ ಗೇಟಿನ ಹೊರಗೆ ನಿಂತಳು. ಬೀದಿ ತುಂಬ ಕೊಡಗಳು. ಕುಮಾರಸ್ವಾಮಿ ಹೊರಗೆ ಬಂದ. ಮುಖ ಹುಣಸೆಹಣ್ಣು ತಿಂದವರ ಹಾಗಿತ್ತು.

"ಕೇಳ್ರಿಲ್ಲೆ. ಜೇಕ ಈಕಿ ಬಿತ್ತಿದ್ದಲ್ಲ. ನಾ ಗರಗದಿಂದ ತರಿಸಿದ ಮಣ್ಣಾಗ ಬಂದದ್ದು. ನಾ ಅಂದದ್ದು ತಪ್ಪು."

ಬೈದ ಹಾಗೆಯೇ ಹೇಳಿದ. ಬೀರವ್ವ ಅಲುಗಾಡಲಿಲ್ಲ. "ಸುಮಲತಾ ಟೀಚರಿಗೆ ಕೇಳಿಸ್ಲಿಲ್ಲ ಕಾಣಸ್ತದ್ರಿ. ನೀರಿನ ಸಪ್ಪಳ ಭಾಳ ಐತಿ."

ಸುಮಲತಾ ಟೀಚರ್ ನಳ ಬಂದ್ ಮಾಡಿದಳು. ಕುಮಾರಸ್ವಾಮಿ ಹಲ್ಲು ಕಚ್ಚಿ ಮೊದಲಿಂದ ಕಡೆಯವರೆಗೆ ಇನ್ನೊಮ್ಮೆ ಹೇಳಬೇಕಾಯಿತು.

ಆಗ ಚನ್ನಬಸವ್ವ ತಾಟು ಹಿಡಿದು ಬಂದಳು. ಬೀರವ್ವನ ಹಣೆಗೆ ಕುಂಕುಮ ಹಚ್ಚಿ, ಒಡ್ಡಿದ ಸೆರಗಿಗೆ ಕುಪ್ಪಸದ ಕಣ, ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು ಹಾಕಿದಳು. ಗಡ್ಡೆ ಉರುಳಿದ ಅದೇ ಕಲ್ಲಿನ ಮೇಲೆ ನಿಂತು ಬೀರವ್ವ ಉಡಿ ತುಂಬಿಸಿಕೊಂಡಳು.

"ಆತಲ್ಲಾ?" ಎಂದ ಕುಮಾರಸ್ವಾಮಿ. "ಇನ್ನ ಒಳಗ ಬಾ. ಕೆಲಸಾ ಹಿಡಿ."

ಬೀರವ್ವ ಉಡಿಯನ್ನು ಭದ್ರವಾಗಿ ಸೊಂಟಕ್ಕೆ ಸಿಕ್ಕಿಸಿದಳು. "ಉಡಿ ತುಂಬೈತ್ರಿ ಸಾವ್ಕಾರ್ರ. ನಿಮ್ಮ ಗಡ್ಡಿಗೆ ಇದರಾಗ ಜಾಗಾ ಇಲ್ಲ."

ಹಾಗೆಂದು ಬೀದಿ ಹಿಡಿದು ನಡೆದಳು. ಅವತ್ತು ಬರಲಿಲ್ಲ, ಮರುದಿನವೂ ಬರಲಿಲ್ಲ. ಮುಂದಿನ ವಾರದಿಂದ ಉಳಿದ ನಾಲ್ಕು ಮನೆಯವರು ಒಬ್ಬರಾದ ಮೇಲೊಬ್ಬರು ಕರೆದರು, ಸುಮಲತಾ ಟೀಚರ್ ಮೂರು ಸಲ ಕರೆಯಬೇಕಾಯಿತು. ಟೀಚರ ಕುಂಡಗಳ ನಡುವೆ ಕೂತು ಕಸ ತೆಗೆಯುವಾಗ, ಎದುರಿನ ಗೇಟಿನೊಳಗೆ ಜೇಕು ಬೆತ್ತದ ಕುರ್ಚಿಯ ಕಾಲು ಮುಚ್ಚುವಷ್ಟು ಬೆಳೆದದ್ದು ಬೀರವ್ವನಿಗೆ ದಿನವೂ ಕಾಣುತ್ತಿತ್ತು. ಅದನ್ನು ಮಾತ್ರ ಅವಳು ಒಂದು ದಿನವೂ ಬೈಯಲಿಲ್ಲ.