ಬಂಗಾರಕ್ಕನ ಮುಖ ಬರೆದ ಕೈ

ಬೆಳಗಿನ ಆರು ಗಂಟೆ. ಕುಮಟಾ ಪೇಟೆಯ ಓಣಿಯೊಂದರ ಜಗಲಿಯಲ್ಲಿ ಮಾಬ್ಲೇಶ್ವರ ಮೈದಾ ಅಂಟು ಕಲಸಿಟ್ಟು ಸೂಜಿಗೆ ನೂಲು ಪೋಣಿಸುತ್ತಿದ್ದಾರೆ. ವಯಸ್ಸು ಅರವತ್ತೇಳು. ದಿನಕ್ಕೆ ಹತ್ತೋ ಹನ್ನೆರಡೋ ಪುಸ್ತಕ ಬೈಂಡ್ ಮಾಡುತ್ತಾರೆ. ಶಾಲೆಯ ಪುಸ್ತಕವಿರಲಿ, ವಕೀಲರ ಕಡತವಿರಲಿ, ಇದುವರೆಗೆ ಒಂದು ಹಾಳೆಯೂ ಅವರ ಕೈಯಿಂದ ತಪ್ಪಿಲ್ಲ.

ಇವತ್ತು ಮಾತ್ರ ಒಂದು ಹಾಳೆ ತಪ್ಪಿಹೋಗಬಾರದೇ ಎನಿಸುತ್ತಿದೆ. ಭಟ್ಕಳದ ಗಿರಾಕಿಯೊಬ್ಬರು ತಮ್ಮ ಬಾಲ್ಯದ ಚಿತ್ರಕಥೆಗಳನ್ನು ಬೈಂಡಿಂಗಿಗೆ ಕೊಟ್ಟಿದ್ದಾರೆ. ಆಕಾಶದಲ್ಲಿ ಹಾರುವ ಬಿಳಿಯ ವೀರ, ಕೆಳಗೆ ಕಣ್ಣರಳಿಸಿ ನಿಂತ ದಪ್ಪ ತುಟಿಯ ಕರಿಯ ಆಳು. ಎಂಬತ್ತರ ದಶಕದಲ್ಲಿ ಹೊನ್ನಾವರದ ಮುದ್ರಣಾಲಯವೊಂದರಲ್ಲಿ ಮಾತಿನ ಗುಳ್ಳೆಗಳಲ್ಲಿ ಅಕ್ಷರ ಬರೆದು ಆ ಆಳಿನ ಬಾಯಿಗೆ ಕನ್ನಡ ಹಾಕಿದವರು ಇದೇ ಮಾಬ್ಲೇಶ್ವರ. ಹೊರದೇಶದಿಂದ ಬಂದ ಚಿತ್ರ ಮಸುಕಾಗಿದ್ದಾಗ ಮುಖ ತಿದ್ದಿದವರೂ ಅವರೇ.

"ಆಳಿನ ಮಾತು ಕೇಳಿ ಮಕ್ಳು ನಗಬೇಕು ಅಂದ್ರು ಪ್ರೆಸ್ಸಿನ ಯಜಮಾನ್ರು. ಎದುರಿಗೆ ಬಂಗಾರಕ್ಕ ಹಾಳೆ ಮಡಚ್ತಾ ಕೂತ್ಕಂಡಿದ್ಲು. ಅವಳ ಮಾತಿನ ಧಾಟಿನೇ ಆಳಿನ ಬಾಯಿಗೆ ಹಾಕ್ದೆ. ಮೋರೆನೂ ಅವಳದ್ದೇ ನೋಡಿ ಬರೆದೆ, ತುಟಿ ಇನ್ನಷ್ಟು ಉಬ್ಸಿ. ಆಗ ನಗಾಡಿದ್ದೆ. ಈಗ ಈ ಹಾಳೆ ಹೊಲಿಯೂಕೆ ಆಗ್ತಿಲ್ಲ," ಎನ್ನುತ್ತಾರೆ.

ಬಂಗಾರಿ ಸಿದ್ದಿ ಸಮುದಾಯದವರು. ಹಿಂದೆಂದೋ ಆಫ್ರಿಕಾದಿಂದ ಬಂದವರ ವಂಶ. ಘಟ್ಟದಿಂದ ಕೆಲಸಕ್ಕೆಂದು ಇಳಿದು ಬಂದಿದ್ದರು. ಪುಸ್ತಕ ಹೊರಬಿದ್ದ ವರ್ಷ ಶಾಲೆಯ ಮಕ್ಕಳು ಆಳಿನ ಮಾತುಗಳನ್ನು ಬಂಗಾರಿಯ ಮಗ ಕಿರಣನ ಬೆನ್ನ ಹಿಂದೆ ಕೂಗತೊಡಗಿದರು. ಏಳನೆಯ ಕ್ಲಾಸಿಗೇ ಅವನು ಶಾಲೆ ಬಿಟ್ಟ. ಮಾಬ್ಲೇಶ್ವರರಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಸೂಜಿ ಬದಿಗಿಟ್ಟು, ಆ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು, ಬಂಗಾರಿ ಈಗಿರುವ ಧಾರೇಶ್ವರದ ಬಸ್ಸು ಹತ್ತುತ್ತಾರೆ. ಬಂಗಾರಿ ಅಂಗಳದಲ್ಲಿ ಒಣಮೀನು ಹರವುತ್ತಿದ್ದಾರೆ.

"ತಪ್ಪಾತು ಅಕ್ಕಾ. ಇದು ನಾನು ಬರೆದದ್ದು. ನೀ ಹೇಳಿದ್ರೆ ಇಲ್ಲೇ ಹರಿದು ಹಾಕ್ತೆ."

ಬಂಗಾರಿ ಸೆರಗಿಗೆ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡು ನೋಡುತ್ತಾರೆ.

"ಹರೀಬೇಡ ಮಾರಾಯ. ಯಾರು ಮಾಡಿದ್ದು ಗೊತ್ತಿಲ್ದೇ ಇಷ್ಟು ವರ್ಷ ಊರಿಗೆಲ್ಲ ಬೈದೆ. ನನ್ನ ಮೋರೆ ಇಲ್ಲಿ ಅದೆ. ನಿನ್ನ ಹೆಸರು ಎಲ್ಲಿ ಅದೆ?"

ಎಲ್ಲೂ ಇಲ್ಲ. ಅಕ್ಷರ ಬರೆಯುವವರ ಹೆಸರನ್ನು ಆಗ ಅಚ್ಚು ಹಾಕುತ್ತಿರಲಿಲ್ಲ.

ಮಧ್ಯಾಹ್ನ ಜಗಲಿಗೆ ಮರಳಿ ಹಾಳೆಯನ್ನು ಅದರ ಜಾಗದಲ್ಲೇ ಇಟ್ಟು ಹೊಲಿಯುತ್ತಾರೆ. ಪತ್ರಿಕೆಗೆ ಫೋಟೋ ಬೇಕೆಂದರೆ ಮೊದಲು ಬೇಡವೆಂದವರು, ಆಮೇಲೆ ತಾವೇ ಕನ್ನಡಕ ತೆಗೆದು ನೆಟ್ಟಗೆ ಕೂರುತ್ತಾರೆ.

"ಪೇಪರಲ್ಲಿ ನನ್ನ ಬೈಂಡಿಂಗ್ ಹೊಗಳೂದು ಬೇಡ. ಆ ಮೋರೆ ಬರೆದವ ಇವನೇ ಅಂತ ಹೆಸರು ಸಮೇತ ಹಾಕಿ. ಕಿರಣ ಈಗ ಭಟ್ಕಳ ಬಂದರದಲ್ಲಿ ಬೋಟಿಗೆ ಹೋಗ್ತ. ಓದ್ಲಿ. ಓದಿ, ನನ್ನ ಹುಡುಕ್ಕಂಡು ಬಂದ್ರೆ ಇಲ್ಲೇ ಜಗಲಿ ಮೇಲೆ ಇರ್ತೆ, ಒಳಗೆ ಹೋಗೂದಿಲ್ಲ."