ಮುಯ್ಯಾಳಿಗೆ ಕಾಲಂ ಇರಲಿಲ್ಲ

ನಮ್ಮ ಇಲ್ಫರ್ಡ್ ಮನೆಯ ಅಡುಗೆಮನೆಯ ಕಿಟಕಿಯಲ್ಲಿ, ಪಾತ್ರೆ ತೊಳೆಯುವ ಸೋಪಿನ ಬಾಟಲಿಗೂ ನನ್ನ ಹೆಂಡತಿ ಸುಮಿತ್ರೆಯ ತುಳಸಿ ಕುಂಡಕ್ಕೂ ನಡುವೆ, ಒಂದು ಕೆಸುವಿನ ಗಡ್ಡೆ ಇಡೀ ಚಳಿಗಾಲ ಕುಳಿತಿತ್ತು. ಮೈತುಂಬ ಕಂದು ನಾರು, ಸಂದಿಗಳಲ್ಲಿ ಒಣಗಿದ ಮಣ್ಣು; ನೋಡಿ ಮೆಚ್ಚುವಂಥ ರೂಪವೇನಲ್ಲ. ಆದರೂ ಮಿತ್ರರೇ, ಲೋಟ ತೊಳೆಯಲು ಹೋದಾಗಲೆಲ್ಲ ಅದರ ಮುಖ ನೋಡದಿರಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಸಿಂಕು ಕಿಟಕಿಯ ಕೆಳಗೇ ಇದೆ, ಎಲ್ಲಿಗೆಂದು ತಿರುಗಲಿ?

ನಾನು ಧಾರವಾಡದಲ್ಲಿ ಕೃಷಿ ವಿಜ್ಞಾನ ಓದಿದವನು. ತೊಂಬತ್ತರ ದಶಕದ ಮೊದಲಲ್ಲಿ ಲಂಡನ್ನಿಗೆ ಬಂದು, ಸಣ್ಣ ದ್ವೀಪರಾಷ್ಟ್ರಗಳಿಗೆ ಸಲಹೆ ಕೊಡುವ ಒಂದು ಕಚೇರಿಯಲ್ಲಿ ವರದಿಗಳ ಇಂಗ್ಲಿಷನ್ನು ತಿದ್ದುವ ಕೆಲಸಕ್ಕೆ ಸೇರಿದೆ. ದ್ವೀಪ ಯಾವುದಾದರೇನು, ವರದಿಯ ತಾತ್ಪರ್ಯ ಒಂದೇ: ಒಕ್ಕಲುತನದ ಉತ್ಪಾದಕತೆ ಹೆಚ್ಚಲಿ, ಉದ್ಯೋಗ ಸೃಷ್ಟಿಯಾಗಲಿ. ಹತ್ತು ವರ್ಷಗಳಲ್ಲಿ ಎಷ್ಟೋ ದ್ವೀಪಗಳ ಕೃಷಿಯನ್ನು ನಾನು ಕೆಂಪು ಶಾಯಿಯಲ್ಲಿ ಉದ್ಧಾರ ಮಾಡಿದ್ದೇನೆ. ಒಂದರ ಮೇಲೂ ಕಾಲಿಟ್ಟಿಲ್ಲ. ಇನ್ನು ಈ ಸಲಹೆಯೆಲ್ಲ ಹುಟ್ಟುವ ನಾಡೂ ಒಂದು ದ್ವೀಪವೇ. ಇಲ್ಲಿನ ಜನ ಬೆಂಡೆಕಾಯಿ, ಬಾಳೆಹಣ್ಣು, ಬೆಳ್ಳುಳ್ಳಿಯನ್ನೆಲ್ಲ ಹೊರಗಿನಿಂದ ತರಿಸಿಕೊಂಡು ತಿನ್ನುತ್ತಾರೆ. ಶನಿವಾರ ಸೌತ್‌ಹಾಲಿನ ಬ್ರಾಡ್‌ವೇ ಎಂಬ ನಮ್ಮ ದೇಶದವರ ಅಂಗಡಿಬೀದಿಯಲ್ಲಿ ಚೀಲ ಹಿಡಿದು ನಿಂತಾಗ ನನಗೆ ಅನ್ನಿಸುತ್ತದೆ, ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಅಂದವರು ನಮ್ಮ ಕಚೇರಿಯನ್ನು ನೋಡಿಯೇ ಅಂದಿರಬೇಕು.

ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಐರೀನ್ ಇದ್ದಾಳೆ. ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ. ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದವಳು. ಅವಳ ತಂಗಿ ಮಾರ್ತಾ ಊರಲ್ಲೇ ಇದ್ದು, ಕಡಿದಾದ ಗುಡ್ಡದಲ್ಲಿ ಕೆಸುವು ಬೆಳೆಯುತ್ತಿದ್ದಳು. ಮೊದಲು ಬಾಳೆ ಇತ್ತು. ಯುರೋಪಿನ ಮಾರುಕಟ್ಟೆ ಕೈಬಿಟ್ಟ ಮೇಲೆ ಬಾಳೆಯೂ ಹೋಯಿತು. ಆ ದ್ವೀಪದಲ್ಲಿ ಗಡ್ಡೆಗಳನ್ನು ತೊಳೆದು, ವಿಂಗಡಿಸಿ, ಪೆಟ್ಟಿಗೆಗೆ ತುಂಬುವ ಒಂದು ಶೆಡ್ಡು ಕಟ್ಟುವುದೆಂದು ಗೊತ್ತಾಗಿತ್ತು. ಎರಡು ಕಣಿವೆಗಳಲ್ಲಿ ಯಾವುದಕ್ಕೆ ಎನ್ನುವುದನ್ನು ನಮ್ಮ ಕಚೇರಿಯ ವರದಿ ಹೇಳಬೇಕಿತ್ತು. ತಮ್ಮ ಕಣಿವೆಗೆ ಬಂದರೆ ಮಾರ್ತಾಳಿಗೆ ಅಲ್ಲಿ ಕೆಲಸ ಸಿಗುತ್ತಿತ್ತು, ಹೊಲವೂ ಉಳಿಯುತ್ತಿತ್ತು. ಬಾರದಿದ್ದರೆ ಎರಡೂ ಇಲ್ಲ. ಆ ವರದಿ ನನ್ನ ಮೇಜಿನ ಮೇಲೆ ಬಂದಿರುವುದು ಐರೀನಳಿಗೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ.

ಈಗ ನನ್ನ ಘನಂದಾರಿ ಕೆಲಸ ಕೇಳಿ. ಆ ಕಣಿವೆಯಲ್ಲಿ ಒಬ್ಬರ ಹೊಲದ ಕೆಲಸಕ್ಕೆ ನೆರೆಹೊರೆಯ ಹನ್ನೆರಡು ಜನ ಬರುತ್ತಾರೆ. ಮರುದಿನ ಅದೇ ಜನ ಇನ್ನೊಬ್ಬರ ಹೊಲಕ್ಕೆ ಹೋಗುತ್ತಾರೆ. ಕೂಲಿ ಇಲ್ಲ, ಹೊಲದವರು ಮಧ್ಯಾಹ್ನದ ಊಟ ಹಾಕುತ್ತಾರೆ, ಅಷ್ಟೇ. ಸಮೀಕ್ಷೆಗೆ ಹೋದ ಹುಡುಗಿ ಇದನ್ನೆಲ್ಲ ಕಣ್ಣಾರೆ ಕಂಡು ಅರ್ಧ ಪುಟ ಬರೆದಿದ್ದಳು. ಆದರೆ ಅವಳ ಕೈಗೆ ಕೊಟ್ಟಿದ್ದ ಫಾರಮ್ಮಿನಲ್ಲಿದ್ದದ್ದು ಎರಡೇ ಕಾಲಂ: ಹೊಲದಲ್ಲಿ ಕಂಡ ಜನ ಎಷ್ಟು, ಕೂಲಿ ಪಡೆಯುವವರು ಎಷ್ಟು. ಹೀಗಾಗಿ ಅದೇ ಹನ್ನೆರಡು ಜನ ಪ್ರತಿ ಹೊಲದಲ್ಲೂ ಹೊಸದಾಗಿ ಎಣಿಕೆಯಾದರು, ಕೂಲಿಯ ಕಾಲಂನಲ್ಲಿ ಎಲ್ಲೆಲ್ಲೂ ಸೊನ್ನೆ ಬಿತ್ತು. ಬೆಳೆಯನ್ನು ತಲೆಗೆ ಭಾಗಿಸಿದಾಗ ಬಂದ ಫಲಿತಾಂಶವನ್ನು ನೋಡಿದರೆ, ಗಡ್ಡೆಯೊಂದಕ್ಕೆ ಇಬ್ಬರು ಜೋತುಬಿದ್ದು ಎಳೆಯುತ್ತಿದ್ದಾರೆ ಅನ್ನಬೇಕು. ವರದಿ ಉದ್ದವಾಯಿತೆಂದು ಮೇಲಿನಿಂದ ಮಾತು ಬಂತು. ನಾನು ಆ ಹುಡುಗಿಯ ಅರ್ಧ ಪುಟವನ್ನು ಹೊಡೆದುಹಾಕಿದೆ. ಹೊಡೆದುಹಾಕಿದ್ದಲ್ಲದೆ, 'ಈ ಕಣಿವೆಯಲ್ಲಿ ದುಡಿಮೆಯಿಲ್ಲದ ಕೈಗಳು ಹೇರಳ' ಎಂದು ಒಂದು ಸೊಗಸಾದ ವಾಕ್ಯವನ್ನೂ ಜೋಡಿಸಿದೆ. ಸೊಗಸಾಗಿದೆ ಎಂದು ನಾನೇ ಎರಡು ಸಲ ಓದಿಕೊಂಡೆ ಕೂಡ.

ವರದಿ ಅಚ್ಚಿಗೆ ಹೋದ ವಾರವೇ ಐರೀನ್ ಒಂದು ಚೀಲ ಕೆಸುವಿನ ಗಡ್ಡೆ ತಂದುಕೊಟ್ಟಳು. "ನಮ್ಮೂರ ಕಡೆಯವು. ಇನ್ನು ಮೇಲೆ ಮಾರ್ತಾಳ ಕೈಯಿಂದಲೇ ಪೆಟ್ಟಿಗೆಯಾಗಿ ಬರುತ್ತವೆ, ನೋಡುತ್ತಿರಿ," ಎಂದು ನಕ್ಕಳು. ಊರಲ್ಲಿ ಕೆಲಸ ಹೇಗೆ ನಡೆಯುತ್ತದೆಂದು ಸುಮಿತ್ರೆಗೆ ವಿವರಿಸಿದಳು. ಅವಳು ಹೋದ ಮೇಲೆ, ಗಡ್ಡೆ ಹೆರೆಯುತ್ತ ಕುಳಿತ ಸುಮಿತ್ರೆಗೆ ನಾನು ವರದಿಯ ವಿಷಯ ಬಾಯಿಬಿಟ್ಟೆ. ಅವಳು ಹೆರೆಯಲು ಎತ್ತಿಕೊಂಡಿದ್ದ ಗಡ್ಡೆಯನ್ನು ಕಿಟಕಿಯಲ್ಲಿಟ್ಟು, ಚಾಕು ಕೆಳಗಿಟ್ಟಳು.

"ಅಲ್ರೀ, ನಿಮ್ಮ ಹೊಲದಾಗ ಜ್ವಾಳ ಕೊಯ್ಯಾಕ ಮುಯ್ಯಾಳು ಬರ್ತಿದ್ರಲ್ಲ, ಅವ್ರೆಲ್ಲಾ ಕೆಲಸ ಇಲ್ದ ಕುಂತ ಮಂದಿ ಏನು? ನಿಮ್ಮವ್ವಾರು ಅವ್ರಿಗೆಲ್ಲಾ ರೊಟ್ಟಿ ಬಡಿದು ಬಡಿದು ಕೈ ಸವೆಸಿದ್ದು ಮರತ್ರೇನು?"

ಮರೆತಿದ್ದೆ. ಇದಕ್ಕಿಂತ ನಾಚಿಕೆಗೇಡು ಬೇರೆ ಇದೆಯೇ? ಲಂಡನ್ನಿನಲ್ಲಿ ಹುಟ್ಟಿ ಬೆಳೆದವನು ಆ ಅರ್ಧ ಪುಟವನ್ನು ಹೊಡೆದಿದ್ದರೆ ತಿಳಿಯದವನು ಪಾಪ ಅನ್ನಬಹುದಿತ್ತು. ನಾನು ಹಾಗಲ್ಲ. ಇವತ್ತು ನಮ್ಮ ಹೊಲ, ನಾಳೆ ನಿಮ್ಮದು ಎಂಬ ಮುಯ್ಯಿಯ ಮೇಲೇ ನಮ್ಮ ಮನೆಯ ಸುಗ್ಗಿ ಸಾಗಿತ್ತು. ಬುತ್ತಿಯ ಗಂಟು ಹೊತ್ತು ಅವ್ವನ ಹಿಂದೆ ಬದುವಿನ ಮೇಲೆ ನಡೆದವನು ನಾನೇ. ಅಂಥವನಿಗೆ ಇಂಗ್ಲಿಷಿನಲ್ಲಿ ಅದೇ ಸಂಗತಿ ಎದುರಾದಾಗ ಗುರುತೇ ಸಿಗಲಿಲ್ಲ. ಅಲ್ಲಿ ಮುಯ್ಯಾಳಿಗೆ ಕಾಲಂ ಇರಲಿಲ್ಲ, ನನಗೆ ಕಾಲಂ ಇಲ್ಲದ್ದನ್ನು ಕಾಣುವ ಕಣ್ಣು ಹೋಗಿತ್ತು.

ಸೋಮವಾರ ಮುಖ್ಯಸ್ಥರ ಬಾಗಿಲು ತಟ್ಟಿದೆ. ಅವರು ಒಳ್ಳೆಯವರು, ಒಳ್ಳೆಯವರ ಜೊತೆ ಜಗಳವಾಡುವುದು ಎಷ್ಟು ಕಷ್ಟ ಎಂದು ಆಡಿ ನೋಡಿದವರಿಗೇ ಗೊತ್ತು. ಕನ್ನಡಕ ತೆಗೆದು, ಎಲ್ಲ ಕೇಳಿ, "ಬಹಳ ಕುತೂಹಲದ ವಿಷಯ. ಮುಂದಿನ ವರದಿಯಲ್ಲಿ ಒಂದು ಅಡಿಟಿಪ್ಪಣಿ ಹಾಕೋಣ," ಎಂದರು. ಊರು ಸೂರೆ ಹೋದ ಮೇಲೆ ಹಾಕುವ ಕೋಟೆ ಬಾಗಿಲಿಗೆ ಕಚೇರಿಯ ಭಾಷೆಯಲ್ಲಿ ಅಡಿಟಿಪ್ಪಣಿ ಎನ್ನುತ್ತಾರೆಂದು ನನಗೆ ಅಂದು ತಿಳಿಯಿತು. ಮೂರು ಸಲ ಹೋದೆ, ಎರಡು ಪತ್ರ ಬರೆದೆ. ಮೂರನೆಯ ಸಲ ಅವರು ನನಗೆ ರಜೆ ತೆಗೆದುಕೊಳ್ಳಲು ಹೇಳಿದರು.

ಶೆಡ್ಡು ಇನ್ನೊಂದು ಕಣಿವೆಗೆ ಹೋಯಿತು. ಅಲ್ಲಿ ನೆಲ ಸಮತಟ್ಟು, ಕೂಲಿಯ ಕಾಲಂ ತುಂಬಿತ್ತು, ತಲೆಗೆ ಬೀಳುವ ಬೆಳೆಯೂ ಹೆಚ್ಚೆಂದು ಲೆಕ್ಕ ಹೇಳಿತ್ತು. ಮಾರ್ತಾ ಹೊಲವನ್ನು ಅಕ್ಕಪಕ್ಕದವರಿಗೆ ವಹಿಸಿ ಮೇ ತಿಂಗಳಲ್ಲಿ ಅಕ್ಕನ ಮನೆಗೆ ಬಂದಿಳಿದಳು. ಈಗ ಅವಳಿಗೆ ಹೇಸ್‌ನ ಗೋದಾಮೊಂದರಲ್ಲಿ ವಿಮಾನದ ಊಟದ ತಟ್ಟೆಗಳನ್ನು ಜೋಡಿಸುವ ಕೆಲಸ. ಇಲ್ಫರ್ಡಿನಿಂದ ಲಂಡನ್ನಿನ ಆ ತುದಿಗೆ ಹೋಗಿ ಬರುವುದರಲ್ಲೇ ಅರ್ಧ ಆಯುಷ್ಯ ಸವೆಯುತ್ತದೆ. ಉದ್ಯೋಗ ಸೃಷ್ಟಿಯಾಗಲಿಲ್ಲ ಎಂದು ಯಾರೂ ನಮ್ಮ ಕಚೇರಿಯನ್ನು ದೂರುವಂತಿಲ್ಲ. ಒಂದು ಸೃಷ್ಟಿಯಾಗಿದೆ, ಹೀಥ್ರೋ ಪಕ್ಕದಲ್ಲಿ.

ಕಳೆದ ಭಾನುವಾರ ಅಕ್ಕತಂಗಿಯರಿಬ್ಬರೂ ನಮ್ಮ ಹಿತ್ತಲಿಗೆ ಬಂದರು. ಅಗೆಯಲೆಂದು ನಾನು ಒಬ್ಬನೇ ಒದ್ದಾಡುತ್ತಿದ್ದುದನ್ನು ಬೇಲಿಯಾಚೆಯಿಂದ ಮಾರ್ತಾ ಕಂಡಿದ್ದಳಂತೆ. ಕರೆಯದೆಯೇ ಸಲಿಕೆ ಹಿಡಿದು ಬಂದಳು. ಮಧ್ಯಾಹ್ನದೊಳಗೆ ನೆಲ ಹದವಾಯಿತು. ಸುಮಿತ್ರೆ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ತಿನ್ನುತ್ತ ಮಾರ್ತಾ, "ಕಚೇರಿಯಲ್ಲಿ ನೀವು ಮಾಡುವುದೇನು?" ಎಂದು ಕೇಳಿದಳು. ಸುಮಿತ್ರೆ ನನ್ನ ಮುಖ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಅರ್ಧ ಪುಟವನ್ನೂ, ನನ್ನ ಸೊಗಸಾದ ವಾಕ್ಯವನ್ನೂ.

ಐರೀನ್ ತಟ್ಟೆ ಕೆಳಗಿಟ್ಟು ಎದ್ದು ನಿಂತಳು. ಮಾರ್ತಾ ಏಳಲಿಲ್ಲ. ಒಂದೇ ಒಂದು ಮಾತು ಕೇಳಿದಳು: "ನಾನು ಅವರಿಗೆಲ್ಲ ಊಟ ಹಾಕಿದ್ದನ್ನಾದರೂ ಬರೆದಿದ್ದಿರಾ?"

ಅದನ್ನೂ ಹೊಡೆದಿದ್ದೆ.

ಊಟ ಮುಗಿಸಿ ಕೈ ತೊಳೆಯಲು ಸಿಂಕಿನ ಬಳಿ ಹೋದ ಮಾರ್ತಾ ಕಿಟಕಿಯಲ್ಲಿದ್ದ ಗಡ್ಡೆಯನ್ನು ಕಂಡಳು. ಅದರ ನೆತ್ತಿಯಲ್ಲಿ ಬೆರಳುದ್ದ ಮೊಳಕೆ ಬಂದಿತ್ತು. ಕೇಳದೆಯೇ ಎತ್ತಿಕೊಂಡು ಹೋಗಿ, ಅಗೆದ ನೆಲದ ಮೂಲೆಯಲ್ಲಿ, ನೀರು ನಿಲ್ಲುವ ಕಡೆ ಊರಿದಳು. ಇಲ್ಲಿನ ಚಳಿಗೆ ಅದು ಬದುಕುವುದಿಲ್ಲ ಎಂದು ಕೃಷಿ ವಿಜ್ಞಾನ ಓದಿದ ನನಗೆ ಗೊತ್ತು, ಅವಳಿಗೂ ಗೊತ್ತಿರಬೇಕು. ಹೋಗುವಾಗ ಸಲಿಕೆಯನ್ನು ನಮ್ಮ ಗೋಡೆಗೇ ಒರಗಿಸಿ ಹೋದಳು. ಬರುವ ಭಾನುವಾರ ಅದನ್ನು ಹೊತ್ತು ಅವರ ಹಿತ್ತಲಿಗೆ ಹೋಗಬೇಕು. ಪಾಳಿ ನನ್ನದು.