ಕೆಂಪಯ್ಯ ಸುಟ್ಟ ಸೊಪ್ಪು

ಕೆಂಪಯ್ಯನಿಗೆ ಸೊಪ್ಪೆಂದರೆ ಹೊಗೆಸೊಪ್ಪು. ಗಾವಡಗೆರೆಯ ಸುತ್ತಮುತ್ತ ಮೂವತ್ತು ವರ್ಷ ಅವನು ಸೊಪ್ಪು ಹದಮಾಡುವ ಬ್ಯಾರನ್‌ಗಳ ಒಲೆಗೆ ಬೆಂಕಿ ಹಾಕಿದವನು. ಹಸಿ ಎಲೆಯನ್ನು ಕಡ್ಡಿಗೆ ಪೋಣಿಸಿ ಆ ಎತ್ತರದ ಕತ್ತಲೆಕೋಣೆಯೊಳಗೆ ತೂಗುಹಾಕಿದ ಮೇಲೆ, ಹೊರಗಿನ ಒಲೆಯ ಬಾಯಲ್ಲಿ ಐದಾರು ದಿನ ಕೂತು ಕಾವು ಕಾಯುವುದು ಅವನ ಕೆಲಸ. ಗೋಡೆಗೆ ಥರ್ಮಾಮೀಟರ್ ನೇತುಹಾಕಿರುತ್ತಿದ್ದರು. ಕೆಂಪಯ್ಯ ನಂಬುತ್ತಿದ್ದದ್ದು ತನ್ನ ಮೂಗನ್ನು. ಎಲೆ ಹಳದಿಗೆ ತಿರುಗುವ ಹೊತ್ತಿಗೆ ಬರುವ ಜೇನಿನಂಥ ವಾಸನೆ ಅವನಿಗೆ ಹತ್ತು ಮಾರು ದೂರದಿಂದಲೇ ಗೊತ್ತಾಗುತ್ತಿತ್ತು. ಆ ಕೆಲಸಕ್ಕೆ ಜೊತೆ ಬೇಕಿರಲಿಲ್ಲ. ಹೀಗಾಗಿ ಅವನಿಗೆ ಮಾತೂ ಕಡಿಮೆ.

ಹೆಂಡತಿ ಜಯಲಕ್ಷ್ಮಮ್ಮ ತೀರಿಕೊಂಡ ಮರುವರ್ಷವೇ ಬ್ಯಾರನ್ ಯಜಮಾನರು ಹೊಗೆಸೊಪ್ಪು ಬಿಟ್ಟು ಶುಂಠಿ ಬೆಳೆಗೆ ಹೋದರು. ಒಬ್ಬಳೇ ಮಗಳು ರೂಪಶ್ರೀಯನ್ನು ಅದಾಗಲೇ ಪಿರಿಯಾಪಟ್ಟಣದ ಕಡೆಗೆ ಕೊಟ್ಟಾಗಿತ್ತು. ಯಾರೋ ಹೇಳಿದರೆಂದು ಕೆಂಪಯ್ಯ ಅಂತರಸಂತೆಯಿಂದಾಚೆ, ಕಬಿನಿ ಹಿನ್ನೀರಿನ ದಡದ ಒಂದು ರೆಸಾರ್ಟಿಗೆ ಸೌದೆ ಸೀಳುವ ಕೆಲಸಕ್ಕೆ ಸೇರಿದ. ಆಗ ಅವನಿಗೆ ಐವತ್ತೆಂಟು.

ಸಫಾರಿ ಮುಗಿಸಿ ಬಂದ ಅತಿಥಿಗಳಿಗೆ ಅಲ್ಲಿ ಕೆಂಡದ ಮೇಲೆ ಸುಟ್ಟ ತಿನಿಸು ಕೊಡುತ್ತಿದ್ದರು. ಕೋಳಿ, ಮೀನು ಸರಿ. ಆದರೆ ಅಡುಗೆಮನೆಯ ಯಜಮಾನ ಸುನೀಲ್ಕುಮಾರ್ ಲೆಟಿಸ್ ಎಂಬ, ಎಲೆಕೋಸಿನ ಹಾಗೆ ಸುತ್ತಿಕೊಂಡ ಸೊಪ್ಪಿನ ಗೆಡ್ಡೆಯನ್ನೂ ಸೀಳಿ ಸುಡಿಸುತ್ತಿದ್ದ. ಕೃಷ್ಣರಾಜನಗರದವನು, ಮೂವತ್ತರ ಹರೆಯ, ಮೂಗಿನ ತುದಿಯಲ್ಲೇ ಸಿಟ್ಟು. ಕೆಲಸದವರು ಜಾಲರಿಯ ಮೇಲಿಟ್ಟು ಅತ್ತ ತಿರುಗುವಷ್ಟರಲ್ಲಿ ಸೊಪ್ಪು ಸೀದುಹೋಗುತ್ತಿತ್ತು. ಒಂದು ಸಂಜೆ ಇದ್ದಿಲು ತಂದು ಸುರಿಯುತ್ತಿದ್ದ ಕೆಂಪಯ್ಯ ತಲೆಯೆತ್ತದೆ ಹೇಳಿದ:

"ಎಲೆ ತಿರುಗ್ಸಿ ಸಾ. ಇನ್ನೊಂದು ಗಳಿಗೆ ಬುಟ್ರೆ ಸೀದು ಕಯ್ಯಾಗ್ತದೆ."

"ನೋಡ್ದೇ ಅದೆಂಗೆ ಹೇಳ್ತೀರಿ?" ಎಂದ ಸುನೀಲ್ಕುಮಾರ್.

"ವಾಸ್ನೆ ಬತ್ತಾ ಅದಲ್ಲ."

ತಿರುಗಿಸಿ ನೋಡಿದರೆ ಅಂಚು ಕಂದಿತ್ತು, ಒಳಗು ಇನ್ನೂ ನೀರುನೀರಾಗಿ ಹಸಿಯಾಗಿತ್ತು. ಬೇಕಾಗಿದ್ದದ್ದು ಅದೇ. ಸುನೀಲ್ಕುಮಾರ್ ಒಂದು ನಿಮಿಷ ಅವನ ಮುಖ ನೋಡಿದ. ಮಾರನೆಯ ದಿನದಿಂದ ಕೊಡಲಿ ಬೇರೆಯವರ ಕೈಗೆ ಹೋಯಿತು, ಜಾಲರಿ ಕೆಂಪಯ್ಯನ ಪಾಲಿಗೆ ಬಂತು.

ಕಲಿಯುವುದು ಹೆಚ್ಚೇನೂ ಇರಲಿಲ್ಲ. ಗೆಡ್ಡೆಯನ್ನು ನಾಲ್ಕು ಹೋಳು ಮಾಡುವಾಗ ಬುಡ ಕತ್ತರಿಸಿಬಿಡಬಾರದು, ಬುಡ ಹೋದರೆ ಎಲೆಯೆಲ್ಲ ಚೆಲ್ಲಾಪಿಲ್ಲಿ. ಎಣ್ಣೆ ಸವರಿದರೆ ಸಾಕು, ಸುರಿಯಬಾರದು. ಕಷ್ಟವಾದದ್ದು ಡ್ರೆಸಿಂಗ್ ಎಂಬ, ಮೇಲೆ ಸುರಿಯುವ ಬಿಳಿಯ ಗೊಜ್ಜು. ಮೊಟ್ಟೆಯ ಹಳದಿಗೆ ಎಣ್ಣೆಯನ್ನು ಹನಿಹನಿಯಾಗಿ ಬಿಡುತ್ತ ಕೈ ನಿಲ್ಲಿಸದೆ ಕಡೆಯಬೇಕು. ಆಮೇಲೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ಜಜ್ಜಿದ ಬೆಳ್ಳುಳ್ಳಿ, ಮೆಣಸು, ನಿಂಬೆರಸ. ಮೊದಮೊದಲು ನಾಲ್ಕು ಸಲ ಒಡೆದು ನೀರಾಯಿತು. "ಅವಸ್ರ ಮಾಡ್ಬೇಡಿ ಕೆಂಪಣ್ಣ, ನಿಮ್ಗೇನು ಬಸ್ಸಿಗೆ ಒತ್ತಾಯ್ತಾ?" ಎಂದು ಸುನೀಲ್ಕುಮಾರ್ ನಕ್ಕ. ಕೆಂಪಣ್ಣ ಎಂದು ಅವನನ್ನು ಯಾರಾದರೂ ಕರೆದು ಎಷ್ಟೋ ಕಾಲವಾಗಿತ್ತು.

ಒಂದೂವರೆ ವರ್ಷ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಊಟ ಮಾಡಿದರು. ಆಮೇಲೆ ಸುನೀಲ್ಕುಮಾರ್ ವಯನಾಡಿನ ಇನ್ನೊಂದು ಹೋಟೆಲಿಗೆ ಹೊರಟುಹೋದ. ಹೋಗುವಾಗ ಫೋನ್ ಮಾಡ್ತೀನಿ ಎಂದ, ಎರಡು ಸಲ ಮಾಡಿದ. ಅವನ ಜಾಗಕ್ಕೆ ಬಂದವನಿಗೆ ಕನ್ನಡ ಬರುತ್ತಿರಲಿಲ್ಲ. ಕೆಂಪಯ್ಯ ಬೆರಳೆತ್ತಿ ಎಷ್ಟು ತಟ್ಟೆ ಎಂದು ಕೇಳುವನು, ಅವನು ಬೆರಳೆತ್ತಿ ಹೇಳುವನು. ಜಾಲರಿಯ ಎದುರಿಗಿದ್ದದ್ದು ಗೋಡೆ. ತಟ್ಟೆಗಳು ಹೊರಗೆ ಹೋಗುತ್ತಿದ್ದವು, ಬರಿದಾಗಿ ಬರುತ್ತಿದ್ದವು. ತಿಂದವರ ಮುಖವನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

ಇದನ್ನು ತನ್ನವರು ಅನ್ನುವವರು ಒಬ್ಬರಾದರೂ ತಿನ್ನಬೇಕು ಎಂಬ ಆಸೆ ಹುಟ್ಟಿದ್ದು ಆಗ. ಆಗಸ್ಟಿನಲ್ಲಿ ಅತಿಥಿಗಳು ಕಮ್ಮಿ. ಮೂರು ದಿನ ರಜೆ ಕೇಳಿ, ಎರಡು ಲೆಟಿಸ್ ಗೆಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಎಚ್.ಡಿ. ಕೋಟೆ, ಹುಣಸೂರು ದಾಟಿ ಪಿರಿಯಾಪಟ್ಟಣದ ಬಸ್ಸು ಹಿಡಿದ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದ.

ಮಗಳ ಮನೆಯ ಅಂಗಳದ ತುಂಬ ಹಸಿ ಹೊಗೆಸೊಪ್ಪಿನ ರಾಶಿ. ಎಂಟು ಹೆಂಗಸರು ಕೂತು ಕಡ್ಡಿಗೆ ಕಟ್ಟುತ್ತಿದ್ದರು. ಬೀಗಿತ್ತಿ ಚಿಕ್ಕಬಸಮ್ಮ ಅವನನ್ನು ಕಂಡದ್ದೇ ಎದ್ದು ನಿಂತಳು.

"ದೇವ್ರು ಬಂದಂಗೆ ಬಂದ್ರಿ ಕಣಣ್ಣ! ಬೆಂಕಿ ಆಕೋನು ಜ್ವರ ಅಂತ ಮಲಗ್ಬುಟ್ಟವ್ನೆ. ನಮ್ ಯತೀಶಂಗೆ ಕಾವು ತಿಳಿಯಾಕಿಲ್ಲ. ನೀವೇ ನೋಡ್ಕಬೇಕು."

ಅಳಿಯ ಯತೀಶ್ ಕೈಚೀಲ ಇಸಿದುಕೊಂಡು ಅಡುಗೆಮನೆಯ ಮೂಲೆಗಿಟ್ಟ. ಕಾಫಿ ಕುಡಿಯುವಷ್ಟರಲ್ಲಿ ಕೆಂಪಯ್ಯ ಒಲೆಯ ಬಾಯಲ್ಲಿದ್ದ. ಆ ದಿನವೂ ಅಲ್ಲೇ, ಮರುದಿನವೂ ಅಲ್ಲೇ. ಊಟ ಅಲ್ಲಿಗೇ ಬರುತ್ತಿತ್ತು. ತಂದುಕೊಟ್ಟವರು ತಟ್ಟೆಯಿಟ್ಟು ಕೆಲಸಕ್ಕೆ ಓಡುತ್ತಿದ್ದರು. ಯಾರದೂ ತಪ್ಪಲ್ಲ. ವರ್ಷದ ಬದುಕೆಲ್ಲ ಆ ಕೋಣೆಯೊಳಗೆ ತೂಗುತ್ತಿತ್ತು. ಆದರೂ ಮೂಲೆಯಲ್ಲಿದ್ದ ಚೀಲ ಅವನಿಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಬಾಯಿಬಿಟ್ಟು ಹೇಳುವುದಾದರೂ ಏನೆಂದು? ಸೊಪ್ಪು ತಂದಿದ್ದೀನಿ ಎಂದೇ, ಸೊಪ್ಪಿನ ರಾಶಿಯ ಮಧ್ಯೆ?

ಮೂರನೆಯ ಬೆಳಿಗ್ಗೆ, ಜ್ವರ ಬಿಟ್ಟು ಬಂದ ಬೆಂಕಿಯವನಿಗೆ ಒಲೆ ಒಪ್ಪಿಸಿ, ಹೊರಡುವ ಮುಂಚೆ ತಾನೇ ಹೋಗಿ ಚೀಲ ತೆಗೆದ. ಮೇಲಿನ ಎಲೆಗಳು ಬಾಡಿ ಲೋಳೆಯಾಗಿದ್ದವು. ಸುಲಿದು ಸುಲಿದು ಎಸೆದ ಮೇಲೆ ಒಳಗೆ ಮುಷ್ಟಿಗಾತ್ರದ ತಿರುಳು ಉಳಿಯಿತು. ಮೊಟ್ಟೆ, ಮನೆಯ ಕಡಲೆಕಾಯಿ ಎಣ್ಣೆ, ಮೊಸರು ಕೇಳಿ ಇಸಿದುಕೊಂಡ. ಒಲೆಯಿಂದ ಒಂದು ಸಲಿಕೆ ಕೆಂಡ ಎಳೆದು, ರೊಟ್ಟಿ ಸುಡುವ ಜಾಲರಿ ಇಟ್ಟು, ಹೋಳುಗಳನ್ನು ಮಗುಚಿದ. ಅಷ್ಟರಲ್ಲಿ ರೂಪಶ್ರೀ ಅತ್ತ ಬಂದಳು.

"ಏನಪ್ಪಾ ಇದು, ಸೊಪ್ಪು ಸುಡ್ತಾ ಇದೀರಾ?"

"ಅಲ್ಲಿ ನಾನು ಮಾಡೋದು ಇದೇ ಕಣವ್ವ. ತಿನ್ನು ಬಾ."

ರೂಪಶ್ರೀ ಎರಡೂ ಕೈ ಎತ್ತಿ ತೋರಿಸಿದಳು. ಹೊಗೆಸೊಪ್ಪಿನ ಅಂಟು ಹತ್ತಿ ಕಪ್ಪಾಗಿದ್ದವು. ಆ ಕೈಯಲ್ಲಿ ಏನು ಮುಟ್ಟಿದರೂ ಕಹಿ, ಸೋಪಿಗೂ ಬೇಗ ಬಿಡುವುದಿಲ್ಲ. ಕೆಂಪಯ್ಯ ಹೋಳನ್ನು ಡ್ರೆಸಿಂಗ್‌ನಲ್ಲಿ ಅದ್ದಿ ತಾನೇ ಅವಳ ಬಾಯಿಗಿಟ್ಟ. ಮದುವೆಯಾದ ಮಗಳು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಯಿ ತೆರೆದು, ಒಂದಾದ ಮೇಲೊಂದು ಮೂರು ತುತ್ತು ತಿಂದಳು.

"ಒಳ್ಳೇ ಹುಳಿ ಹುಳಿ ಆಗೈತೆ ಕಣಪ್ಪ. ಹೊಗೆ ವಾಸ್ನೆನೂ ಐತೆ." ಆಮೇಲೆ ಕೇಳಿದಳು, "ಅಲ್ಲಿ ನಿಮ್ ಜೊತೆ ಯಾರವ್ರೆ?"

"ಅವ್ರೆ ಬುಡು, ಬೇಕಾದಷ್ಟು ಜನ."

ಅಂಗಳದಿಂದ ಚಿಕ್ಕಬಸಮ್ಮ ಕೂಗಿದಳು. ರೂಪಶ್ರೀ ಎದ್ದು, ಮೊಣಕೈಯಿಂದ ಬಾಯಿ ಒರೆಸಿಕೊಂಡು ಓಡಿದಳು. ಮಿಕ್ಕ ಹೋಳನ್ನು ಕೆಂಪಯ್ಯ ಬೀಗಿತ್ತಿಗೆ ಕೊಟ್ಟ. ಚಿಕ್ಕಬಸಮ್ಮ ಒಂದು ಎಸಳು ಕಚ್ಚಿ, ಮುಖ ಕಿವುಚಿಕೊಂಡು, ಉಳಿದದ್ದನ್ನು ಅವನು ಅತ್ತ ತಿರುಗಿದಾಗ ಕರುವಿನ ಮುಂದಿಟ್ಟಳು. ಅವನು ಅದನ್ನು ಓರೆಗಣ್ಣಿನಲ್ಲಿ ನೋಡಿದ. ಕಾಣದವನ ಹಾಗೆ ಚಪ್ಪಲಿ ಮೆಟ್ಟಿಕೊಂಡ.

ಮರಳಿದ ಸಂಜೆ ಪಾತ್ರೆ ತೊಳೆಯುವ ಚಿಕ್ಕಮಾದು, "ಮಗಳು ತಿಂದ್ಳಾ ಕೆಂಪಣ್ಣ?" ಎಂದು ಕೇಳಿದ. ಅಲ್ಲಿ ಈಗ ಆ ಹೆಸರು ಹಿಡಿದು ಕರೆಯುವವನು ಅವನೊಬ್ಬನೇ. "ಮೂರು ತುತ್ತು" ಎಂದ ಕೆಂಪಯ್ಯ. ಚಿಕ್ಕಮಾದು ಇನ್ನೇನೋ ಕೇಳುವವನಿದ್ದ, ಆದರೆ ಕಾಡಂಚಿನ ಅವನ ಹಾಡಿಯ ಕಡೆಗೆ ಹೋಗುವ ಜೀಪು ಹಾರ್ನ್ ಮಾಡಿತು.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ರೂಪಶ್ರೀ ಫೋನ್ ಮಾಡಿದಳು. ಕೊನೆಯ ಸಲ ಬ್ಯಾರನ್ ತುಂಬುತ್ತಿದ್ದೇವೆ, ಬರಬೇಕಂತೆ, ಅತ್ತೆ ಹೇಳಿದರು ಎಂದಳು. ಕೆಂಪಯ್ಯ ಎಲೆ ಯಾವ ಹದಕ್ಕೆ ಬಲಿತಿದೆ, ಸೌದೆ ಒಣಗಿದೆಯೇ ಎಂದು ವಿಚಾರಿಸಿದ. ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ಸುಟ್ಟ ಸೊಪ್ಪಿನ ಮಾತೆತ್ತಿಯಾಳೆಂದು ಅವನು ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದ. ಅವಳು ಬೇರೇನನ್ನೂ ಕೇಳಲಿಲ್ಲ.

"ಬತ್ತೀನಿ ಅಂತ ಹೇಳು" ಎಂದ. ಆಮೇಲೆ ಕೈ ತೊಳೆದುಕೊಂಡು ರಜೆ ಕೇಳಲು ಮ್ಯಾನೇಜರರ ಕೋಣೆಯ ಕಡೆಗೆ ನಡೆದ.